‘ಎ’, ‘ಬಿ’ ಮತ್ತು ಒಂದು ಕುದುರೆ

1
ನಮ್ಮ ಪ್ಯಾರಾಲೀಗಲ್ ತರಗತಿಯಲ್ಲಿ ಮೊದಲು ಓದಿಸಿದ್ದು 1872ರ ಭಾರತೀಯ ಕರಾರು ಕಾಯ್ದೆ. ಆ ವರ್ಷದ ಸೆಪ್ಟೆಂಬರ್ 1ರಂದು ಜಾರಿಗೆ ಬಂದದ್ದು. ಒಬ್ಬರು ಪ್ರಸ್ತಾಪ ಮುಂದಿಡಬೇಕು, ಇನ್ನೊಬ್ಬರು ಒಪ್ಪಬೇಕು. ಪ್ರತಿಫಲ ಇರಬೇಕು. ಇಬ್ಬರೂ ಪ್ರಾಯಕ್ಕೆ ಬಂದಿರಬೇಕು, ಬುದ್ಧಿ ಸ್ಥಿರವಾಗಿರಬೇಕು. ಒಪ್ಪಿಗೆಯ ಹಿಂದೆ ಒತ್ತಾಯ, ಮೋಸ ಇರಕೂಡದು. ಉದ್ದೇಶ ಕಾನೂನುಬದ್ಧವಾಗಿರಬೇಕು. ಹೀಗಿದ್ದರೆ ಒಪ್ಪಂದ ಕರಾರಾಗುತ್ತದೆ. ಕಾಗದದ ಮೇಲೆ ಬರೆಯಲೇಬೇಕು ಎಂದು ಕಾಯ್ದೆ ಎಲ್ಲ ಕರಾರುಗಳಿಗೂ ಹೇಳುವುದಿಲ್ಲ. ಬಾಯಿಮಾತಿನ ಕರಾರೂ ಕರಾರೇ.

2
75ನೇ ಕಲಂ ಮುಗಿದ ಮೇಲೆ 124 ಬರುತ್ತದೆ. ನಡುವೆ ಇದ್ದದ್ದು ಸರಕು ಮಾರಾಟದ ಕಲಂಗಳು. 1930ರಲ್ಲಿ ಅವುಗಳಿಗೆ ಬೇರೆ ಕಾಯ್ದೆ ಆಯಿತು. 238ರ ನಂತರ ಪಾಲುದಾರಿಕೆ ಇತ್ತು. 1932ರಲ್ಲಿ ಅದೂ ಬೇರೆ ಹೋಯಿತು. ಖಾಲಿಯಾದ ಸಂಖ್ಯೆಗಳಿಗೆ ಬೇರೆ ಏನನ್ನೂ ತುಂಬಿಲ್ಲ. ಮನೆ ಖಾಲಿ ಮಾಡಿದರೂ ಬಾಗಿಲ ಮೇಲಿನ ನಂಬರು ಉಳಿದ ಹಾಗೆ.

3
ಕಲಮಿನ ಕೆಳಗೆ ಉದಾಹರಣೆಗಳಿವೆ. ಅವುಗಳಲ್ಲಿ ಬರುವವರಿಗೆ ಹೆಸರಿಲ್ಲ. ‘ಎ’, ‘ಬಿ’, ಕೆಲವೊಮ್ಮೆ ‘ಸಿ’. ಊರು, ಜಾತಿ, ಮನೆತನ ಯಾವುದೂ ಇಲ್ಲ. ಕುದುರೆ ಮಾತ್ರ ಮತ್ತೆ ಮತ್ತೆ ಬರುತ್ತದೆ.

4
25ನೇ ಕಲಂ. ಸಾವಿರ ರೂಪಾಯಿಯ ಕುದುರೆಯನ್ನು ‘ಎ’ ಹತ್ತು ರೂಪಾಯಿಗೆ ಕೊಡಲು ಒಪ್ಪುತ್ತಾನೆ. ಒಪ್ಪಿಗೆ ಸ್ವಂತ ಮನಸ್ಸಿನಿಂದ ಬಂದಿದ್ದರೆ ಕರಾರು ನಿಲ್ಲುತ್ತದೆ. ಬೆಲೆ ತೀರಾ ಕಡಿಮೆ ಎಂಬುದೊಂದೇ ಅದನ್ನು ಕೆಡಿಸುವುದಿಲ್ಲ. ಮನಸ್ಸು ಸ್ವತಂತ್ರವಾಗಿತ್ತೇ ಎಂದು ನೋಡುವಾಗ ಮಾತ್ರ ನ್ಯಾಯಾಲಯ ಆ ಹತ್ತು ರೂಪಾಯಿಯ ಕಡೆಗೂ ಕಣ್ಣು ಹಾಯಿಸಬಹುದು.

5
17ನೇ ಕಲಂ ಮೋಸದ ಬಗ್ಗೆ. ‘ಎ’ ಹರಾಜಿನಲ್ಲಿ ‘ಬಿ’ಗೆ ಕುದುರೆ ಮಾರುತ್ತಾನೆ. ಕುದುರೆಗೆ ಐಬಿದೆ ಎಂದು ‘ಎ’ಗೆ ಗೊತ್ತು. ಅವನು ಬಾಯಿ ಬಿಡುವುದಿಲ್ಲ. ಇದು ಮೋಸವಲ್ಲ.

ಮುಂದಿನ ಸಾಲಿನಲ್ಲಿ ಅದೇ ಕುದುರೆ, ಅದೇ ಮೌನ. ಈಗ ‘ಬಿ’ ಎಂಬುವಳು ‘ಎ’ಯ ಮಗಳು, ಆಗಷ್ಟೇ ಪ್ರಾಯಕ್ಕೆ ಬಂದವಳು. ಈಗ ಹೇಳುವುದು ಅಪ್ಪನ ಕರ್ತವ್ಯ.

ಅದರ ಮುಂದಿನದು. ‘ಬಿ’ ಹೇಳುತ್ತಾನೆ: ನೀನು ಇಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ. ‘ಎ’ ಸುಮ್ಮನಿರುತ್ತಾನೆ. ಇಲ್ಲಿ ಆ ಮೌನವೇ ಮಾತು.

ಮೂರು ಸಲವೂ ‘ಎ’ ಆಡಿದ ಮಾತು ಒಂದೂ ಇಲ್ಲ. ಎದುರಿಗೆ ಯಾರಿದ್ದರು, ಅವರು ಏನು ಕೇಳಿದರು ಎಂಬುದು ಮಾತ್ರ ಬದಲಾಗಿದೆ. ದನದ ಜಾತ್ರೆಗೆ ಹೋಗುವವರಿಗೆ ಈ ಮೂರನೆಯ ಸಾಲನ್ನು ಓದಿ ಹೇಳಬೇಕು ಅನ್ನಿಸುತ್ತದೆ. ಕೇಳಿದರೆ ಸಾಕು, ಕಾನೂನಿನ ಬಲ ಕೊಳ್ಳುವವನ ಕಡೆಗೆ ಸರಿಯುತ್ತದೆ.

6
20ನೇ ಕಲಮಿನಲ್ಲಿ ಕುದುರೆ ವ್ಯಾಪಾರಕ್ಕೆ ಮೊದಲೇ ಸತ್ತಿದೆ. ಇಬ್ಬರಿಗೂ ಗೊತ್ತಿಲ್ಲ. ಒಪ್ಪಂದ ಶೂನ್ಯ.

7
36ನೇ ಕಲಂ. ತನ್ನ ಮಗಳು ‘ಸಿ’ಯನ್ನು ಮದುವೆಯಾದರೆ ಸಾವಿರ ರೂಪಾಯಿ ಕೊಡುತ್ತೇನೆ ಎಂದು ‘ಎ’ ‘ಬಿ’ಗೆ ಹೇಳುತ್ತಾನೆ. ಆ ಹೊತ್ತಿಗೆ ‘ಸಿ’ ಬದುಕಿಲ್ಲ. ಒಪ್ಪಂದ ಶೂನ್ಯ. ಇಲ್ಲಿ ಷರತ್ತು ಅಸಾಧ್ಯವೆಂದು ಗೊತ್ತಿದ್ದರೂ ಒಂದೇ, ಗೊತ್ತಿರದಿದ್ದರೂ ಒಂದೇ ಎಂದು ಕಲಂ ಸ್ಪಷ್ಟವಾಗಿ ಹೇಳುತ್ತದೆ. ಮಗಳು ತೀರಿಹೋದದ್ದು ಅಪ್ಪನಿಗೆ ಹೇಗೆ ತಿಳಿದಿರಲಿಲ್ಲ, ತಿಳಿದಿದ್ದರೆ ಆ ಮಾತು ಏಕೆ ಆಡಿದ? ಎರಡು ಸಾಲಿನ ಉದಾಹರಣೆ. ಪುಟ ತಿರುಗಿಸಲು ಹೊತ್ತು ಹಿಡಿಯಿತು.

8
ಅದೇ ಕಲಮಿನ ಇನ್ನೊಂದು ಉದಾಹರಣೆ: ಎರಡು ಸರಳ ರೇಖೆಗಳು ಒಂದು ಜಾಗವನ್ನು ಸುತ್ತುವರಿದರೆ ಸಾವಿರ ರೂಪಾಯಿ.

9
56ನೇ ಕಲಂ. ಮಂತ್ರದಿಂದ ನಿಧಿ ಪತ್ತೆಹಚ್ಚಿ ಕೊಡುತ್ತೇನೆ ಎಂಬ ಒಪ್ಪಂದ ಶೂನ್ಯ. ಹಾಳು ಗುಡಿಗಳಲ್ಲಿ ನಿಧಿಗಾಗಿ ಅಗೆದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಈಗಲೂ ಬರುತ್ತದೆ.

10
ಲಾಲ್‌ಮನ್ ಶುಕ್ಲಾ ಮೊಕದ್ದಮೆ, ಅಲಹಾಬಾದ್ ಹೈಕೋರ್ಟ್, 1913. ಕಾನ್ಪುರದ ಗೌರಿ ದತ್ತರ ಮನೆಯ ಹುಡುಗನೊಬ್ಬ ಮನೆ ಬಿಟ್ಟು ಹೋದ. ಹುಡುಕಲು ಹಲವರನ್ನು ಕಳಿಸಿದರು. ಅಂಗಡಿಯ ಮುನೀಮ ಲಾಲ್‌ಮನ್ ಹರಿದ್ವಾರಕ್ಕೆ ಹೋದ. ಅವನು ಹೊರಟ ಮೇಲೆ ಗೌರಿ ದತ್ತರು ಕರಪತ್ರ ಅಚ್ಚು ಹಾಕಿಸಿದರು: ಹುಡುಕಿಕೊಟ್ಟವರಿಗೆ 501 ರೂಪಾಯಿ.

ಹುಡುಗ ಋಷಿಕೇಶದಲ್ಲಿ ಸಿಕ್ಕ. ಲಾಲ್‌ಮನ್ ತಂತಿ ಕಳಿಸಿದ. ಯಜಮಾನರು ಬಂದು ಕರೆದುಕೊಂಡು ಹೋದರು. ಲಾಲ್‌ಮನ್‌ಗೆ ಎರಡು ಸವರನ್ ಚಿನ್ನದ ನಾಣ್ಯ, ಕಾನ್ಪುರಕ್ಕೆ ಮರಳಿದ ಮೇಲೆ ಮತ್ತೆ ಇಪ್ಪತ್ತು ರೂಪಾಯಿ ಕೊಟ್ಟರು. ಅವನು ಹೆಚ್ಚು ಕೇಳಲಿಲ್ಲ. ಸುಮಾರು ಆರು ತಿಂಗಳ ನಂತರ ಕೆಲಸದಿಂದ ತೆಗೆದರು. ಆಗ ದಾವೆ ಹೂಡಿದ. ಕೇಳಿದ್ದು 499 ರೂಪಾಯಿ.

ಸೋತ. ಹುಡುಕುವುದು ಆಗಲೇ ಅವನ ಕೆಲಸವಾಗಿತ್ತು, ಬಹುಮಾನದ ಮಾತು ಆಮೇಲೆ ಬಂದದ್ದು.

ಅವನಿಗೆ ಬಹುಮಾನದ ಸುದ್ದಿಯೇ ಗೊತ್ತಿರಲಿಲ್ಲ ಎಂದು ಪಠ್ಯಪುಸ್ತಕಗಳು ಬರೆಯುತ್ತವೆ. ಆ ಕರಪತ್ರಗಳಲ್ಲಿ ಕೆಲವನ್ನು ಹರಿದ್ವಾರದಲ್ಲಿದ್ದ ಅವನಿಗೆ ಕಳಿಸಿದಂತೆ ಕಾಣುತ್ತದೆ ಎಂಬ ಮಾತು ತೀರ್ಪಿನಲ್ಲಿದೆ. ಪರೀಕ್ಷೆಗೆ ಬರೆಯಬೇಕಾದದ್ದು ಪಠ್ಯಪುಸ್ತಕದ ಉತ್ತರ.

501ರಲ್ಲಿ ಎಷ್ಟು ಕಳೆದರೆ 499? ಎರಡು ಸವರನ್ನಿಗೆ ಎರಡೇ ರೂಪಾಯಿ ಎಂದು ಲೆಕ್ಕ ಹಿಡಿದರೇ? ಇಪ್ಪತ್ತು ರೂಪಾಯಿ ಎಲ್ಲಿ ಹೋಯಿತು? ತರಗತಿಯಲ್ಲಿ ಕೇಳಿದಾಗ ಯಾರಿಗೂ ಹೊಳೆಯಲಿಲ್ಲ.

11
ಲಂಡನ್, 1891. ಕಾರ್ಬಾಲಿಕ್ ಸ್ಮೋಕ್ ಬಾಲ್ ಎಂಬ ಔಷಧದ ಜಾಹೀರಾತು: ದಿನಕ್ಕೆ ಮೂರು ಸಲದಂತೆ ಎರಡು ವಾರ ಬಳಸಿಯೂ ಇನ್‌ಫ್ಲುಯೆಂಜಾ ಬಂದರೆ 100 ಪೌಂಡ್. ನಂಬಿಕೆಗೆಂದು ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ ಎಂದೂ ಅದರಲ್ಲಿತ್ತು. ಶ್ರೀಮತಿ ಕಾರ್ಲಿಲ್ ಓದಿದರು, ಕೊಂಡರು, ಹೇಳಿದ ಹಾಗೆ ಬಳಸಿದರು, ಜ್ವರ ಬಂತು. ಒಪ್ಪಿದ್ದೇನೆ ಎಂದು ಕಂಪನಿಗೆ ಮೊದಲೇ ಪತ್ರ ಬರೆದಿರಲಿಲ್ಲ. ಬಳಸಿದ್ದೇ ಒಪ್ಪಿಗೆ ಎಂದಿತು ನ್ಯಾಯಾಲಯ. ಗೆದ್ದರು.

ಅವರು ತೀರಿಕೊಂಡದ್ದು 1942ರಲ್ಲಿ, 96ನೇ ವಯಸ್ಸಿನಲ್ಲಿ. ಕಾರಣವಾಗಿ ವೈದ್ಯರು ಬರೆದದ್ದು ಎರಡು: ವೃದ್ಧಾಪ್ಯ ಮತ್ತು ಇನ್‌ಫ್ಲುಯೆಂಜಾ.

12
ಜಮೈಕಾದ ಬಂಪರ್ ಹಾಲ್ ಪೆನ್ ಎಂಬ ಆಸ್ತಿ. 1893ರ ತೀರ್ಪು. ತಂತಿಯಲ್ಲಿ ಕೇಳಿದ ಪ್ರಶ್ನೆ ಎರಡು: ಮಾರುತ್ತೀರಾ? ಕಡಿಮೆ ಎಂದರೆ ಎಷ್ಟು? ಉತ್ತರ ಬಂದದ್ದು ಎರಡನೆಯದಕ್ಕೆ ಮಾತ್ರ: 900 ಪೌಂಡ್. ಕೇಳಿದವರು ಕೊಂಡೆವು ಎಂದರು. ಕರಾರು ಆಗಲಿಲ್ಲ.

13
ಅಂಚೆಯ ನಿಯಮ, 4ನೇ ಕಲಂ. ಒಪ್ಪಿಗೆಯ ಪತ್ರವನ್ನು ಡಬ್ಬಿಗೆ ಹಾಕಿದ ಕ್ಷಣ ಪ್ರಸ್ತಾಪ ಮಾಡಿದವನು ಕಟ್ಟುಬೀಳುತ್ತಾನೆ. ಪತ್ರ ಹಾಕಿದವನು ಕಟ್ಟುಬೀಳುವುದು ಅದು ಪ್ರಸ್ತಾಪ ಮಾಡಿದವನಿಗೆ ತಿಳಿದಾಗ. ಪತ್ರ ದಾರಿಯಲ್ಲಿರುವಷ್ಟು ಹೊತ್ತು ಒಬ್ಬನು ಒಳಗೆ, ಒಬ್ಬನು ಹೊರಗೆ.

14
ಫೋನಿನಲ್ಲಾದರೆ? ಅಹಮದಾಬಾದಿನ ವ್ಯಾಪಾರಿಗಳು ಖಾಮ್‌ಗಾಂವ್‌ನವರಿಂದ ಹತ್ತಿಬೀಜದ ಹಿಂಡಿ ಕೊಳ್ಳಲು 1959ರಲ್ಲಿ ಫೋನ್ ಮಾಡಿದರು. ಖಾಮ್‌ಗಾಂವ್‌ನವರು ಒಪ್ಪಿದರು. ಹಿಂಡಿ ಬರಲಿಲ್ಲ. ಕರಾರು ಹುಟ್ಟಿದ್ದು ಯಾವ ಊರಿನಲ್ಲಿ? ಒಪ್ಪಿಗೆ ಆಡಿದ ಊರಿನಲ್ಲೋ, ಕೇಳಿಸಿಕೊಂಡ ಊರಿನಲ್ಲೋ? ದಾವೆ ಯಾವ ಕೋರ್ಟಿಗೆ ಹೋಗಬೇಕು ಎಂಬುದು ಅದರ ಮೇಲೆ ನಿಂತಿತ್ತು.

ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1965ರ ಆಗಸ್ಟ್‌ನಲ್ಲಿ. ಕೇಳಿಸಿಕೊಂಡ ಊರು ಎಂದರು ಇಬ್ಬರು ನ್ಯಾಯಮೂರ್ತಿಗಳು. ಮೂರನೆಯವರಾದ ಹಿದಾಯತುಲ್ಲಾ ಒಪ್ಪಲಿಲ್ಲ. 1872ರ ಮಾತುಗಳನ್ನು ಹಾಗೆಯೇ ಓದಿದರೆ ಆಡಿದ ಊರೇ ಆಗುತ್ತದೆ ಎಂದರು. ಅವರು ಬರೆದದ್ದನ್ನೂ ಓದಿದೆ. ನನಗೆ ಅದೇ ಹೆಚ್ಚು ನೇರವಾಗಿ ಕಾಣುತ್ತದೆ. ಕಾನೂನಾಗಿ ಉಳಿದದ್ದು ಇನ್ನೊಂದು.

ಅಷ್ಟು ವರ್ಷದಲ್ಲಿ ತೀರ್ಮಾನವಾದದ್ದು ಊರು ಮಾತ್ರ. ಹಿಂಡಿಯ ವಿಷಯ ಇನ್ನೂ ಮುಂದಿತ್ತು.

15
ಕೆನಡಾದ ಸಸ್ಕಾಚೆವನ್, 2023. ಅಗಸೆ ಖರೀದಿಯ ಕರಾರಿನ ಫೋಟೊವನ್ನು ಕೊಳ್ಳುವವರು ರೈತನ ಫೋನಿಗೆ ಕಳಿಸಿ ಖಚಿತಪಡಿಸಿ ಎಂದಿದ್ದರು. ರೈತ ಹೆಬ್ಬೆಟ್ಟು ಎತ್ತಿದ ಚಿತ್ರ (ಇಮೋಜಿ) ಕಳಿಸಿದ. ತಲುಪಿದೆ ಎಂಬ ಅರ್ಥದಲ್ಲಿ ಕಳಿಸಿದೆ ಎಂದು ಅವನ ವಾದ. ಅದು ರುಜು ಎಂದಿತು ನ್ಯಾಯಾಲಯ. ಅಗಸೆ ಕೊಡದ್ದಕ್ಕೆ ಪರಿಹಾರ ಸುಮಾರು 82,200 ಕೆನಡಾ ಡಾಲರ್.

16
ಉಪನೋಂದಣಿ ಕಚೇರಿಯ ಹೊರಗೆ ಪತ್ರ ಬರಹಗಾರರ ಮೇಜುಗಳು. ಪ್ರಿಂಟರ್, ಸ್ಟೇಪ್ಲರ್, ಇಂಕ್ ಪ್ಯಾಡ್. ರುಜು ಬಾರದವರು ಎಡಗೈ ಹೆಬ್ಬೆಟ್ಟು ಒತ್ತುತ್ತಾರೆ. ಪಕ್ಕದಲ್ಲಿ ಹೆಸರು ಬರೆಯುವವರು ಬೇರೆಯವರು.

17
ಕರಾರು ಪತ್ರಗಳಲ್ಲಿ ಒಂದು ಸಾಲು ತಪ್ಪುವುದಿಲ್ಲ: ಸ್ವಸಂತೋಷದಿಂದ, ಸ್ಥಿರಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟದ್ದು. 12, 13, 14ನೇ ಕಲಂಗಳು ಈ ಒಂದು ಸಾಲಿನಲ್ಲಿವೆ. ಸಾಲು ಮೊದಲೇ ಕಂಪ್ಯೂಟರಿನಲ್ಲಿದೆ. ಹೆಸರು, ಮೊಬಲಗು, ತಾರೀಕು ಮಾತ್ರ ಪ್ರತಿ ಸಲ ಹೊಸದಾಗಿ ಹೊಡೆಯಬೇಕು.

18
ಬಾಡಿಗೆ ಕರಾರುಗಳು ಹೆಚ್ಚಾಗಿ 11 ತಿಂಗಳಿಗೆ. ಒಂದು ವರ್ಷ ಮೀರಿದ ಗೇಣಿ, ಬಾಡಿಗೆ ಪತ್ರಗಳನ್ನು ನೋಂದಾಯಿಸಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಮಕ್ಕಳು ಹುಟ್ಟಿ, ಶಾಲೆ ಮುಗಿಸುವ ತನಕ ಒಂದೇ ಮನೆಯಲ್ಲಿ 11 ತಿಂಗಳಂತೆ ಇದ್ದವರಿದ್ದಾರೆ.

19
ಹೌರಾದಲ್ಲಿ ಪುರಭವನಕ್ಕೆಂದು ಒಬ್ಬರು 100 ರೂಪಾಯಿ ಚಂದಾ ಬರೆದರು, ಕೊಡಲಿಲ್ಲ. ಆ ಮಾತನ್ನು ನಂಬಿ ಕಟ್ಟಡದ ಗುತ್ತಿಗೆ ಆಗಲೇ ಕೊಟ್ಟಿದ್ದರು. 1886ರ ತೀರ್ಪು: ಕೊಡಬೇಕು.

ಮಸೀದಿಯ ದುರಸ್ತಿಗೆಂದು ಇನ್ನೊಬ್ಬರು 500 ರೂಪಾಯಿ ಬರೆದರು. ಕೆಲಸ ಶುರುವಾಗಿರಲಿಲ್ಲ. 1914ರ ತೀರ್ಪು: ಕೊಡಬೇಕಿಲ್ಲ.

ಊರ ಗುಡಿಯ ಜೀರ್ಣೋದ್ಧಾರದ ಚಂದಾಪಟ್ಟಿಯನ್ನು ಈಗ ಬೇರೆ ಕಣ್ಣಿನಿಂದ ಓದುತ್ತೇನೆ. ಯಾರ ಹೆಸರಿನ ಮುಂದೆ ಎಷ್ಟಿದೆ ಎನ್ನುವುದಕ್ಕಿಂತ, ಕಲ್ಲು ಮರಳು ಬಂದು ಬಿದ್ದಿದೆಯೇ ಎಂದು ನೋಡುತ್ತೇನೆ.

20
ಗಂಡ ಸಿಲೋನಿನಲ್ಲಿ ನೀರಾವರಿ ಅಧಿಕಾರಿ. ಹೆಂಡತಿ ಕಾಯಿಲೆಯಿಂದ ಇಂಗ್ಲೆಂಡಿನಲ್ಲೇ ಉಳಿದಳು. ತಿಂಗಳಿಗೆ 30 ಪೌಂಡ್ ಕಳಿಸುತ್ತೇನೆ ಎಂದ. ಆಮೇಲೆ ನಿಲ್ಲಿಸಿದ. ಗಂಡ ಹೆಂಡಿರ ನಡುವಿನ ಇಂಥ ಮಾತು ಕರಾರಲ್ಲ ಎಂದು 1919ರಲ್ಲಿ ತೀರ್ಪಾಯಿತು. ತರಗತಿಯ ಹೆಣ್ಣುಮಕ್ಕಳು ಯಾರೂ ಟಿಪ್ಪಣಿ ಬರೆದುಕೊಳ್ಳಲಿಲ್ಲ, ತಲೆ ಎತ್ತಿ ನೋಡಿದರು.

21
ಅಪ್ರಾಪ್ತರ ಕರಾರು ಶೂನ್ಯ ಎಂದ ಮೊಕದ್ದಮೆ ಮೊಹೋರಿ ಬೀಬಿಯದು. ಪ್ರಿವಿ ಕೌನ್ಸಿಲ್, 1903. ಕಲ್ಕತ್ತೆಯಲ್ಲಿ ಸಾಲ ಕೊಟ್ಟವನು ಬ್ರಹ್ಮೊ ದತ್ತ, ಪಡೆದವನು ಧರ್ಮೋದಾಸ್ ಘೋಷ್. ಹುಡುಗ ಪ್ರಾಯಕ್ಕೆ ಬಂದಿಲ್ಲ ಎಂಬ ಪತ್ರ ಸಾಲಕ್ಕೆ ಮೊದಲೇ ಸಾಹುಕಾರನ ವಕೀಲರಿಗೆ ಹೋಗಿತ್ತು. ವ್ಯಾಜ್ಯ ಮುಗಿಯುವ ಮೊದಲೇ ಬ್ರಹ್ಮೊ ದತ್ತ ತೀರಿಹೋದ. ಅವನ ಪರವಾಗಿ ನಿಂತವರಲ್ಲಿ ಮೊಹೋರಿ ಬೀಬಿ ಒಬ್ಬಳು. ಸಾಲ ಕೊಟ್ಟವಳಲ್ಲ, ಪಡೆದವಳೂ ಅಲ್ಲ. ದೇಶದ ಕಾನೂನು ವಿದ್ಯಾರ್ಥಿಗಳು ಬಾಯಿಪಾಠ ಮಾಡುವುದು ಅವಳ ಹೆಸರನ್ನು.

22
16ನೇ ಕಲಂ. ಊರಿನ ಸಾಹುಕಾರ ‘ಬಿ’. ‘ಎ’ ಆಗಲೇ ಸಾಲಗಾರ. ಮತ್ತೆ ಸಾಲ ಪಡೆಯುತ್ತಾನೆ, ಷರತ್ತುಗಳು ವಿಪರೀತ. ಒತ್ತಡ ಹಾಕಲಿಲ್ಲ ಎಂದು ರುಜುವಾತು ಮಾಡುವ ಹೊಣೆ ಸಾಹುಕಾರನದು. ಉದಾಹರಣೆಗಳ ನಡುವೆ ಇಲ್ಲಿ ಮೊದಲ ಬಾರಿಗೆ ಒಂದು ಊರು ಕಣ್ಣಿಗೆ ಬಿತ್ತು. ಇದನ್ನು ಎರಡು ಸಲ ಗೆರೆ ಎಳೆದುಕೊಂಡೆ. ಕಾನೂನು ನೆರವು ಕೇಂದ್ರಕ್ಕೆ ಬರುವವರಲ್ಲಿ ಖಾಲಿ ಬಾಂಡ್ ಪೇಪರಿಗೆ, ಖಾಲಿ ಚೆಕ್ಕಿಗೆ ರುಜು ಹಾಕಿಕೊಟ್ಟವರು ಇರುತ್ತಾರೆ. ಅವರಿಗೆ ಮೊದಲು ಹೇಳಬೇಕಾದ ಕಲಂ ಇದು.

23
25ನೇ ಕಲಮಿಗೆ ಮರಳಿದೆ. ಪ್ರತಿಫಲ ಇಲ್ಲದ ಒಪ್ಪಂದ ಶೂನ್ಯ, ಕೆಲವನ್ನು ಬಿಟ್ಟು. ಆ ಕೆಲವುಗಳಲ್ಲಿ ಒಂದು: ‘ಎ’ ‘ಬಿ’ಗೆ ಸಾವಿರ ರೂಪಾಯಿ ಕೊಡಬೇಕು. ಕಾಲಮಿತಿ ದಾಟಿದೆ. ಈಗ ಕೋರ್ಟಿಗೆ ಹೋದರೂ ‘ಬಿ’ಗೆ ಸಿಗುವುದಿಲ್ಲ. ಆದರೂ ‘ಎ’ ಐನೂರು ಕೊಡುತ್ತೇನೆ ಎಂದು ಬರೆದು ರುಜು ಹಾಕುತ್ತಾನೆ. ಅದು ಕರಾರು. ಬಾಯಿಮಾತಿನಲ್ಲಿ ಹೇಳಿದ್ದರೆ ಆಗುತ್ತಿರಲಿಲ್ಲ.

ಕಾಲಮಿತಿ ದಾಟಿದ್ದು ‘ಎ’ಗೆ ಗೊತ್ತಿತ್ತೇ, ಗೊತ್ತಿದ್ದೂ ಕೊಡಬೇಕು ಎನ್ನಿಸಿ ಬರೆದನೇ? ಉದಾಹರಣೆಯಲ್ಲಿ ಇಲ್ಲ.

ಸಾಲದ ಪ್ರಾಮಿಸರಿ ನೋಟು ಬರೆದು ಮೂರು ವರ್ಷ ತುಂಬುವ ಮೊದಲು ಸಾಹುಕಾರರು ಹೊಸದನ್ನು ಬರೆಸಿಕೊಳ್ಳುತ್ತಾರೆ. ಆ ಮೂರು ವರ್ಷದ ಲೆಕ್ಕ ಸಾಲಗಾರರಿಗೆ ಗೊತ್ತೇ ಎಂದು ಇನ್ನು ಮುಂದೆ ಕೇಂದ್ರಕ್ಕೆ ಬಂದವರನ್ನೆಲ್ಲ ಕೇಳಿ ಬರೆದಿಡಬೇಕು.