ಪರವಾನಗಿಯಿಲ್ಲದ ಹಜ್ಜ್ ಮತ್ತು ಹುದೈಬಿಯಾದ ಪಾಠ

ಮದ್ರಸದ ಅಧ್ಯಾಪಕನಿಗೆ ಮಕ್ಕಳಿಗೆ ಪಾಠ ಹೇಳುವುದಷ್ಟೇ ಕೆಲಸವಲ್ಲ. ಅರಬಿ, ಉರ್ದು, ಕನ್ನಡ ಮತ್ತು ಅಷ್ಟಿಷ್ಟು ಇಂಗ್ಲಿಷ್ ಓದಬಲ್ಲನೆಂಬ ಕಾರಣಕ್ಕೆ ಜಮಾಅತ್‌ನ ಜನರು ತಮ್ಮ ಕಾಗದಪತ್ರಗಳನ್ನೂ ಅವನ ಮುಂದೆ ತಂದಿಡುತ್ತಾರೆ. ಪಾಸ್‌ಪೋರ್ಟ್ ಅರ್ಜಿ, ಗಲ್ಫ್‌ನಿಂದ ಬಂದ ಉದ್ಯೋಗದ ಕರಾರುಪತ್ರ, ಉಮ್ರಾದ ವೀಸಾ ಹೀಗೆ ಒಂದಲ್ಲ ಒಂದು ಕಾಗದ ನನ್ನ ಮೇಜಿನ ಮೇಲೆ ಇದ್ದೇ ಇರುತ್ತದೆ. ಇವುಗಳನ್ನು ಓದಿ ಹೇಳುತ್ತಾ ಹೇಳುತ್ತಾ ನಾನು ಗಮನಿಸಿದ ಒಂದು ಸಂಗತಿಯಿದೆ. ವುಝೂವಿನಲ್ಲಿ ಮೊಣಕೈ ಒಣಗಿ ಉಳಿಯಿತೇ ಎಂದು ಮತ್ತೆ ಮತ್ತೆ ನೋಡುವ ಜನರೇ ವೀಸಾದ ಷರತ್ತುಗಳ ವಿಷಯದಲ್ಲಿ ನಿರ್ಲಕ್ಷ್ಯ ತೋರುತ್ತಾರೆ. ಒಂದು ದೀನಿನ ವಿಷಯ, ಇನ್ನೊಂದು ಬರೀ ಸರಕಾರದ ವಿಷಯ ಎಂಬ ಭಾವನೆ ಅವರದು. ಈ ವಿಂಗಡಣೆ ಸರಿಯೇ ಎಂಬುದನ್ನು ನಾವೆಲ್ಲರೂ ಕೂತು ಯೋಚಿಸಬೇಕಾದ ಕಾಲ ಬಂದಿದೆ.

2024ರ ಆರಂಭದಲ್ಲಿ ನಮ್ಮ ಜಮಾಅತ್‌ನ ಹಿರಿಯರೊಬ್ಬರು ನನ್ನ ಬಳಿಗೆ ಬಂದರು. ಮೀನಿನ ವ್ಯಾಪಾರ ಮಾಡಿ ನಾಲ್ಕು ಹೆಣ್ಣುಮಕ್ಕಳ ಮದುವೆ ಮುಗಿಸಿದವರು, ವಯಸ್ಸು ಅರುವತ್ತೆರಡು. ಹಜ್ಜ್ ಸಮಿತಿಯ ಖುರ್ರಾದಲ್ಲಿ ಅವರ ಹೆಸರು ಬಂದಿರಲಿಲ್ಲ. ಖಾಸಗಿ ತಂಡದವರು ಹೇಳಿದ ಮೊತ್ತ ಅವರ ಕೈಗೆ ಮೀರಿದ್ದು. ಈ ನಡುವೆ ಏಜೆಂಟನೊಬ್ಬ ಅವರಿಗೊಂದು ದಾರಿ ತೋರಿಸಿದ್ದ: ಭೇಟಿ ವೀಸಾದಲ್ಲಿ ಜಿದ್ದಾಕ್ಕೆ ಹೋಗುವುದು, ಹಜ್ಜಿನ ದಿನಗಳು ಬರುವವರೆಗೆ ಅಲ್ಲಿಯೇ ಯಾರದೋ ಕೊಠಡಿಯಲ್ಲಿ ಉಳಿಯುವುದು, ಬಳಿಕ ಹೇಗಾದರೂ ಮಕ್ಕಾ ಸೇರಿಕೊಳ್ಳುವುದು. ಖರ್ಚು ಅರ್ಧಕ್ಕಿಂತ ಕಡಿಮೆ.

"ಕಾಕಾ, ಆ ವೀಸಾದಲ್ಲಿ ಹಜ್ಜ್ ಮಾಡಲು ಅನುಮತಿಯಿಲ್ಲ" ಎಂದೆ.

ಅವರು ನನ್ನ ಮುಖವನ್ನೇ ನೋಡಿ ಕೇಳಿದರು: "ಉಸ್ತಾದರೇ, ಅಲ್ಲಾಹನ ಮನೆಗೆ ಹೋಗಲು ಯಾವ ರಾಜನ ಅಪ್ಪಣೆ ಬೇಕು?"

ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ. ಕಅಬಾವನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಮೂವತ್ತು ವರ್ಷ ಹಣ ಕೂಡಿಟ್ಟ ಮನುಷ್ಯನ ನೋವಿತ್ತು. ಇಂತಹ ನೋವಿಗೆ ಕಾನೂನಿನ ಕಲಮು ತೋರಿಸಿ ಉತ್ತರ ಕೊಡಲಾಗದು. ಅದಕ್ಕೆ ಉತ್ತರವನ್ನು ಸೀರಾದಿಂದಲೇ ಕೊಡಬೇಕು ಎಂದು ನನಗೆ ತೋರಿತು.

ಹಿಜರಿ 6ನೇ ವರ್ಷದ ದುಲ್‌ಕಅದಾ ತಿಂಗಳಿನಲ್ಲಿ ಪ್ರವಾದಿವರ್ಯರು(ಸ) ಸುಮಾರು 1,400 ಸಹಾಬಿಗಳೊಂದಿಗೆ ಉಮ್ರಾದ ಇಹ್ರಾಮ್ ಧರಿಸಿ ಮದೀನಾದಿಂದ ಹೊರಟರು. ಬಲಿಯ ಪ್ರಾಣಿಗಳು ಜೊತೆಗಿದ್ದವು. ಯುದ್ಧದ ಉದ್ದೇಶ ಇರಲಿಲ್ಲ. ಆದರೆ ಮಕ್ಕಾದ ಹೊಸ್ತಿಲಿನಂತಿರುವ ಹುದೈಬಿಯಾದಲ್ಲಿ ಕುರೈಶರು ಅವರನ್ನು ತಡೆದರು. ತಡೆದವರು ಯಾರು? ಕಅಬಾದ ಸುತ್ತ ವಿಗ್ರಹಗಳನ್ನಿಟ್ಟವರು, ವಿಶ್ವಾಸಿಗಳನ್ನು ಮನೆಮಾರುಗಳಿಂದ ಹೊರದಬ್ಬಿದವರು. ತಡೆಯಲ್ಪಟ್ಟವರು ಯಾರು? ಆ ಭವನವನ್ನು ಕಟ್ಟಿದ ಇಬ್ರಾಹೀಮ್(ಅ)ರ ಮಾರ್ಗದ ನಿಜವಾದ ವಾರಸುದಾರರು. "ಅಲ್ಲಾಹನ ಮನೆಗೆ ಯಾರ ಅಪ್ಪಣೆ?" ಎಂದು ಕೇಳುವ ಹಕ್ಕು ಭೂಮಿಯ ಮೇಲೆ ಯಾರಿಗಾದರೂ ಇದ್ದಿದ್ದರೆ ಅದು ಅಂದು ಅಲ್ಲಿ ನಿಂತಿದ್ದವರಿಗೆ ಇತ್ತು.

ಆದರೂ ಪ್ರವಾದಿವರ್ಯರು(ಸ) ಒಪ್ಪಂದಕ್ಕೆ ಸಮ್ಮತಿಸಿದರು. ಷರತ್ತುಗಳು ಕಠಿಣವಾಗಿದ್ದವು. ಈ ವರ್ಷ ಹಿಂದಿರುಗಬೇಕು. ಮುಂದಿನ ವರ್ಷ ಬರಬಹುದು. ಬಂದರೆ ಮೂರೇ ದಿನ ತಂಗಬೇಕು. ಖಡ್ಗಗಳು ಒರೆಯಲ್ಲಿಯೇ ಇರಬೇಕು. ಪ್ರವೇಶದ ಅವಧಿ, ವಾಸದ ಮಿತಿ, ತರಬಹುದಾದ ವಸ್ತು ಎಲ್ಲವೂ ಅದರಲ್ಲಿ ನಿಗದಿಯಾಗಿದ್ದವು. ಇಂದಿನ ವೀಸಾದಲ್ಲಿ ಬರೆದಿರುವುದೂ ಹೆಚ್ಚುಕಡಿಮೆ ಇವೇ ಸಂಗತಿಗಳನ್ನು. ಸಹಾಬಿಗಳಿಗೆ ಇದನ್ನು ನುಂಗಿಕೊಳ್ಳುವುದು ಸುಲಭವಾಗಲಿಲ್ಲ. ಉಮರ್(ರ)ರಂಥವರೇ ಕಳವಳಗೊಂಡು ಪ್ರಶ್ನಿಸಿದರು. ಬಲಿ ಅರ್ಪಿಸಿ ತಲೆ ಬೋಳಿಸಿಕೊಳ್ಳಿರೆಂಬ ಆಜ್ಞೆಯಾದಾಗಲೂ ದುಃಖದ ಭಾರದಿಂದ ಯಾರೂ ಮೇಲೇಳಲಿಲ್ಲ. ಆಗ ಉಮ್ಮು ಸಲಮಾ(ರ)ರ ಸಲಹೆಯಂತೆ ಪ್ರವಾದಿವರ್ಯರು(ಸ) ತಾವೇ ಮೊದಲು ಆ ಕಾರ್ಯವನ್ನು ನೆರವೇರಿಸಿದರು. ಅದನ್ನು ಕಂಡು ಎಲ್ಲರೂ ಎದ್ದರು. ಕಅಬಾವನ್ನು ಕಾಣದೆಯೇ ಇಹ್ರಾಮ್ ಬಿಚ್ಚಿ ಹಿಂದಿರುಗಿದ ಆ ಪಯಣದ ದಾರಿಯಲ್ಲಿಯೇ ಸೂರಃ ಅಲ್ ಫತ್‌ಹ್ ಅವತೀರ್ಣಗೊಂಡಿತು. ಜನರ ಕಣ್ಣಿಗೆ ಹಿನ್ನಡೆಯಂತೆ ಕಂಡದ್ದನ್ನು ಅಲ್ಲಾಹನು ಸ್ಪಷ್ಟ ವಿಜಯವೆಂದು ಕರೆದನು.

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ನಾವು ಸಾಮಾನ್ಯವಾಗಿ ಭಾಷಣಗಳಲ್ಲಿ ಹೇಳದೆ ಬಿಡುವ ಭಾಗ ಮುಂದಿದೆ. ಹಿಜರಿ 7ನೇ ವರ್ಷ ಮುಸ್ಲಿಮರು ಒಪ್ಪಂದದಂತೆ ಮಕ್ಕಾ ಪ್ರವೇಶಿಸಿ ಉಮ್ರಾ ನಿರ್ವಹಿಸಿದರು. ಮೂರು ದಿನಗಳು ತುಂಬಿದ ಕೂಡಲೇ ಕುರೈಶರು ಅವಧಿ ಮುಗಿದಿದೆ ಎಂದು ನೆನಪಿಸಿದರು. ಪ್ರವಾದಿವರ್ಯರು(ಸ) ಆಗಷ್ಟೇ ಮೈಮೂನಾ(ರ)ರನ್ನು ವಿವಾಹವಾಗಿದ್ದರು. ಇನ್ನು ಸ್ವಲ್ಪ ಸಮಯ ದೊರೆತರೆ ಅಲ್ಲಿಯೇ ಔತಣ ಏರ್ಪಡಿಸಿ ಮಕ್ಕಾದವರನ್ನೂ ಆಮಂತ್ರಿಸುವ ಇಚ್ಛೆ ಅವರಿಗಿತ್ತು. ಕುರೈಶರು ಒಪ್ಪಲಿಲ್ಲ. ಪ್ರವಾದಿವರ್ಯರು(ಸ) ವಾದಕ್ಕೆ ನಿಲ್ಲದೆ ಹೊರಟರು. ಆ ಔತಣ ಮಕ್ಕಾದ ಹೊರಗಿನ ಸರಿಫ್ ಎಂಬಲ್ಲಿ ನಡೆಯಿತು. ತಾವು ಹುಟ್ಟಿ ಬೆಳೆದ ಊರಿನಲ್ಲಿ, ತಮ್ಮ ವಿವಾಹದ ಸಂದರ್ಭದಲ್ಲಿ, ಅವಧಿಗಿಂತ ಒಂದು ದಿನ ಹೆಚ್ಚು ನಿಲ್ಲದ ಪ್ರವಾದಿಯ(ಸ) ಸಮುದಾಯ ನಾವು. ವೀಸಾದ ದಿನಾಂಕ ಮುಗಿದ ಮೇಲೂ ಅಡಗಿ ಕುಳಿತು ಮಾಡುವ ಹಜ್ಜ್ ಯಾರ ಸುನ್ನತ್?

ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ 'ಅಮಾನ್' ಎಂಬ ಅಧ್ಯಾಯವಿದೆ. ಒಂದು ನಾಡಿನವರು ಕೊಟ್ಟ ಅಭಯದ ಮೇಲೆ ಆ ನಾಡನ್ನು ಪ್ರವೇಶಿಸಿದ ಮುಸ್ಲಿಮನು ಅವರಿಗೆ ವಂಚನೆ ಮಾಡುವುದು ನಿಷಿದ್ಧ. ಅವರು ಮುಸ್ಲಿಮೇತರರಾದರೂ ಈ ನಿಯಮದಲ್ಲಿ ಸಡಿಲಿಕೆಯಿಲ್ಲ. ಈ ಕಾಲದ ಅನೇಕ ವಿದ್ವಾಂಸರು ವೀಸಾವನ್ನು ಇದೇ ಅಮಾನ್‌ನ ರೂಪವೆಂದು ಪರಿಗಣಿಸಿದ್ದಾರೆ. ಅರ್ಜಿಗೆ ಸಹಿ ಹಾಕುವಾಗ ನಾವು ಒಂದು ಮಾತು ಕೊಡುತ್ತೇವೆ: ಇಂಥ ಉದ್ದೇಶಕ್ಕೆ ಬರುತ್ತೇನೆ, ಇಂಥ ದಿನದೊಳಗೆ ಹೊರಡುತ್ತೇನೆ ಎಂದು. ಕರಾರುಗಳನ್ನು ಪಾಲಿಸಿರೆಂಬ ಆದೇಶದೊಂದಿಗೆ ಸೂರಃ ಅಲ್ ಮಾಇದಾ ಆರಂಭವಾಗುವುದನ್ನು ನಾವು ಬಲ್ಲೆವು. ಆ ಆದೇಶದಿಂದ ವೀಸಾದ ಕಾಗದವೊಂದನ್ನು ಹೊರಗಿಡಲು ನಮಗೆ ಅಧಿಕಾರವಿಲ್ಲ. ಹಜ್ಜ್ ಪರವಾನಗಿಯ ವಿಷಯದಲ್ಲಂತೂ 2024ರಲ್ಲಿ ಸೌದಿ ಅರೇಬಿಯಾದ ಹಿರಿಯ ವಿದ್ವಾಂಸರ ಮಂಡಳಿಯು, ಪರವಾನಗಿಯಿಲ್ಲದೆ ಹಜ್ಜ್‌ಗೆ ಹೊರಡುವುದು ಅನುಮತಾರ್ಹವಲ್ಲ, ಹಾಗೆ ಮಾಡುವವನು ಪಾಪಿಯಾಗುತ್ತಾನೆ ಎಂದು ಸ್ಪಷ್ಟವಾಗಿ ತಿಳಿಸಿತು.

ಈ ಮಾರ್ಗ ಹಿಡಿದವರು ಎಲ್ಲಿಂದ ಆರಂಭಿಸಬೇಕಾಗುತ್ತದೆ ಎಂಬುದನ್ನೂ ನೋಡಿರಿ. ತಪಾಸಣಾ ಠಾಣೆಗಳಲ್ಲಿ ಸಿಕ್ಕಿಬೀಳಬಾರದೆಂದು ಅವರು ಇಹ್ರಾಮ್ ಇಲ್ಲದೆಯೇ, ಸಾಮಾನ್ಯ ಉಡುಪಿನಲ್ಲಿ ಮೀಖಾತ್ ದಾಟುತ್ತಾರೆ. ಹಜ್ಜ್‌ನ ವಾಜಿಬ್ ಒಂದು ಅಲ್ಲಿಯೇ ತಪ್ಪುತ್ತದೆ. ಕೇಳಿದವರಿಗೆ ಸುಳ್ಳು ಹೇಳಬೇಕಾಗುತ್ತದೆ. ಹಜ್ಜ್‌ನಲ್ಲಿ ಅಶ್ಲೀಲತೆ, ಪಾಪಕೃತ್ಯ, ಜಗಳ ಸಲ್ಲದೆಂದು ಕುರ್‌ಆನ್ ಕಲಿಸಿರುವಾಗ, ಲಬ್ಬೈಕ್ ಹೇಳುವ ಬಾಯಿಯಿಂದಲೇ ಸುಳ್ಳು ಹೊರಡುವುದು ಎಂತಹ ವಿಪರ್ಯಾಸ!

ಇನ್ನು, ಪರವಾನಗಿ ಎಂಬುದು ಬರೀ ಹಣದ ವ್ಯವಹಾರವೆಂದು ತಿಳಿದವರೂ ಇದ್ದಾರೆ. ಮಿನಾ ಮತ್ತು ಅರಫಾದ ಗಡಿಗಳು ಶರೀಅತ್ತಿನಲ್ಲಿ ನಿಶ್ಚಿತವಾಗಿವೆ. ಜನರು ಹೆಚ್ಚಿದರೆಂದು ಅವುಗಳನ್ನು ಹಿಗ್ಗಿಸಲಾಗದು. ಆದ್ದರಿಂದಲೇ 1980ರ ದಶಕದ ಕೊನೆಯಲ್ಲಿ ಮುಸ್ಲಿಮ್ ರಾಷ್ಟ್ರಗಳ ಸಂಘಟನೆಯು ಪ್ರತಿ ದೇಶದ ಮುಸ್ಲಿಮ್ ಜನಸಂಖ್ಯೆಯ ಸಾವಿರಕ್ಕೆ ಒಬ್ಬರಂತೆ ಪಾಲು ನಿಗದಿಪಡಿಸುವ ಪದ್ಧತಿಯನ್ನು ಒಪ್ಪಿತು. 2024ರಲ್ಲಿ ಭಾರತಕ್ಕೆ ದೊರೆತ ಪಾಲು 1,75,025. ಪ್ರತಿ ಪರವಾನಗಿಯ ಹಿಂದೆ ಒಂದು ಡೇರೆಯಲ್ಲಿ ಮಲಗುವಷ್ಟು ಜಾಗ, ಬಸ್ಸಿನಲ್ಲಿ ಒಂದು ಆಸನ, ಕುಡಿಯುವ ನೀರು, ಅಸ್ವಸ್ಥರಾದರೆ ಹುಡುಕಿ ಬರುವ ವೈದ್ಯರು ಇದ್ದಾರೆ. ಪರವಾನಗಿಯಿಲ್ಲದವನಿಗೆ ಇವು ಯಾವುವೂ ಇಲ್ಲ. ಅವನು ಬಲವಂತವಾಗಿ ನೆರಳು ಪಡೆದರೆ ಅದು ಇನ್ನೊಬ್ಬ ಹಾಜಿಯ ಹಕ್ಕು.

ಅದೇ ವರ್ಷದ ಹಜ್ಜ್ ಇದನ್ನು ಜಗತ್ತಿಗೆ ಅತ್ಯಂತ ಕ್ರೂರವಾಗಿ ತೋರಿಸಿತು. 2024ರ ಜೂನ್ 17ರಂದು ಮಸ್ಜಿದುಲ್ ಹರಾಮ್‌ನಲ್ಲಿ ಉಷ್ಣಾಂಶ 51.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಆ ಋತುವಿನಲ್ಲಿ 1,301 ಮಂದಿ ಮೃತಪಟ್ಟರೆಂದು ಸೌದಿ ಅಧಿಕಾರಿಗಳು ಪ್ರಕಟಿಸಿದರು. ಅವರಲ್ಲಿ ಶೇ. 83ರಷ್ಟು ಜನರು ಪರವಾನಗಿಯಿಲ್ಲದೆ ಬಂದವರು. ನೆರಳು, ವಿಶ್ರಾಂತಿಯಿಲ್ಲದೆ ಬಿಸಿಲಿನಲ್ಲಿ ಬಹುದೂರ ನಡೆದವರು. ಎಷ್ಟೋ ಶವಗಳ ಬಳಿ ಗುರುತಿನ ಕಾಗದವೂ ಇರಲಿಲ್ಲ. ಮನೆಯವರು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಆ ಮೃತರೆಲ್ಲರನ್ನೂ ಅಲ್ಲಾಹನು ಕ್ಷಮಿಸಲಿ. ಅವರ ತೀರ್ಪು ಅವನಿಗೆ ಸೇರಿದ್ದು. ಆದರೆ ಅವರ ಹಣ ಪಡೆದು, ಆ ಬಿಸಿಲಿಗೆ ಕಳುಹಿಸಿ, ಕರೆ ಮಾಡಿದಾಗ ಫೋನ್ ಎತ್ತದ ಏಜೆಂಟರ ಲೆಕ್ಕವೂ ಅವನ ಬಳಿಯೇ ಇದೆ.

ನಮ್ಮ ಕಾಕ ಹೋಗಿರಲಿಲ್ಲ. ಹುದೈಬಿಯಾದ ಪ್ರಸಂಗ ಕೇಳಿ ಒಪ್ಪಿದರೋ, ಮಗಳು ತಡೆದಳೋ ಎಂದು ನಾನು ವಿಚಾರಿಸಲಿಲ್ಲ. ಆ ಸುದ್ದಿ ಬಂದ ವಾರ ಅವರು ಮದ್ರಸದ ಜಗಲಿಗೆ ಬಂದು ಬಹಳ ಹೊತ್ತು ಏನೂ ಮಾತಾಡದೆ ಕುಳಿತಿದ್ದರು. ಏಳುವಾಗ ಕೇಳಿದ್ದು ಒಂದೇ ಮಾತು: "ಈ ಸಲದ ಅರ್ಜಿ ಯಾವಾಗ ತುಂಬಬೇಕು, ಉಸ್ತಾದರೇ?"

ಅವರು ಇಂದಿಗೂ ಕಾಯುತ್ತಿದ್ದಾರೆ. ಅವರಂತೆ ಕಾಯುವವರು ನಮ್ಮ ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಸೂರಃ ಆಲು ಇಮ್ರಾನ್‌ನ 97ನೇ ಸೂಕ್ತದಲ್ಲಿ ಹಜ್ಜ್ ಕಡ್ಡಾಯವಾದದ್ದು ದಾರಿಯ ಸಾಮರ್ಥ್ಯ ಉಳ್ಳವರ ಮೇಲೆ ಎಂಬುದನ್ನು ಅವರು ನೆನಪಿಡಲಿ. ದಾರಿಯ ಸುರಕ್ಷಿತತೆಯನ್ನು ಹಿಂದಿನ ಫುಖಹಾಗಳು ಈ ಸಾಮರ್ಥ್ಯದಲ್ಲಿ ಸೇರಿಸಿದ್ದರು. ಇಂದಿನ ವಿದ್ವಾಂಸರು ಪರವಾನಗಿಯನ್ನೂ ಸೇರಿಸುತ್ತಾರೆ. ಪ್ರಯತ್ನಿಸಿಯೂ ಅದು ದೊರೆಯದವನು ಆ ವರ್ಷ ಅಸಮರ್ಥನೇ ಹೊರತು ಅಪರಾಧಿಯಲ್ಲ. ತಬೂಕ್‌ನಿಂದ ಮರಳುವಾಗ ಪ್ರವಾದಿವರ್ಯರು(ಸ), ಕಾರಣವಿದ್ದು ಮದೀನಾದಲ್ಲಿಯೇ ಉಳಿದ ಕೆಲವರು ಪ್ರತಿಯೊಂದು ಕಣಿವೆಯಲ್ಲೂ ನಮ್ಮ ಜೊತೆಗೇ ಇದ್ದರೆಂದು ಸಹಾಬಿಗಳಿಗೆ ತಿಳಿಸಿದ್ದರು. ನಿಯ್ಯತ್ ಇಟ್ಟು ಕಾಯುವವನಿಗೆ ಇದಕ್ಕಿಂತ ದೊಡ್ಡ ಸಾಂತ್ವನ ಬೇಕೇ?

ಹೊರಡುವ ಭಾಗ್ಯ ದೊರೆತವರಿಗೆ ಕೆಲವು ಮಾತುಗಳು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಹೆಸರು ಮತ್ತು ಜನ್ಮದಿನಾಂಕ ಎಲ್ಲ ದಾಖಲೆಗಳಲ್ಲೂ ಒಂದೇ ಆಗಿರಲಿ. ನಮ್ಮ ಹಿರಿಯರ ಪಾಸ್‌ಪೋರ್ಟ್‌ಗಳಲ್ಲಿ ತಂದೆಯ ಹೆಸರಾಗಲಿ ಮನೆತನದ ಹೆಸರಾಗಲಿ ಸೇರದೆ ಒಂದೇ ಪದದ ಹೆಸರಿರುವುದು ಸಾಮಾನ್ಯ. 2022ರ ನವೆಂಬರ್‌ನಲ್ಲಿ ಯುಎಇ ದೇಶವು ಅಂತಹ ಹೆಸರಿನವರಿಗೆ ಭೇಟಿ ವೀಸಾದ ಪ್ರವೇಶವನ್ನು ನಿರ್ಬಂಧಿಸಿದಾಗ ಎಷ್ಟೋ ಮಂದಿ ತೊಂದರೆಗೊಳಗಾದರು. ಇಂತಹ ತಿದ್ದುಪಡಿಗಳನ್ನು ಟಿಕೆಟ್ ಕೊಳ್ಳುವ ಮೊದಲೇ ಮಾಡಿಸಿಕೊಳ್ಳಿ. ಮೆನಿಂಜೈಟಿಸ್ ಲಸಿಕೆಯನ್ನು ಪ್ರಯಾಣಕ್ಕೆ ಹತ್ತು ದಿನ ಮುಂಚಿತವಾಗಿಯೇ ಪಡೆಯಿರಿ. ಅದು ನಿಮ್ಮ ಪಕ್ಕದಲ್ಲಿ ನಮಾಝ್‌ಗೆ ನಿಲ್ಲುವ ಅಪರಿಚಿತ ಸಹೋದರನ ಹಕ್ಕು ಕೂಡ. ನಿತ್ಯದ ಔಷಧಿಗಳೊಂದಿಗೆ ವೈದ್ಯರ ಚೀಟಿ ಇರಲಿ. ನಮ್ಮ ಅಡುಗೆಮನೆಯ ಗಸಗಸೆ ಅಲ್ಲಿ ಮಾದಕ ವಸ್ತುಗಳ ಪಟ್ಟಿಯಲ್ಲಿದೆ. ಮಸಾಲೆಯ ಪೊಟ್ಟಣದಲ್ಲಿ ಅದು ಸೇರದಂತೆ ಎಚ್ಚರವಹಿಸಿ. ಯಾರೇ ಕೊಟ್ಟರೂ ಬಿಚ್ಚಿ ನೋಡದ ಗಂಟನ್ನು ಒಯ್ಯಬೇಡಿ. ರೌಝಾ ಶರೀಫ್‌ನಲ್ಲಿ ನಮಾಝ್ ನಿರ್ವಹಿಸಲು ನುಸುಕ್ ಎಂಬ ಆ್ಯಪ್‌ನಲ್ಲಿ ಸಮಯ ಕಾದಿರಿಸಬೇಕು. ಅದನ್ನು ಮನೆಯ ಮಕ್ಕಳಿಂದ ಮೊದಲೇ ಕಲಿತುಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾಗಿ, ವೀಸಾದಲ್ಲಿ ಬರೆದಿರುವ ಅದರ ಬಗೆ ಮತ್ತು ಹಿಂದಿರುಗುವ ಕೊನೆಯ ದಿನಾಂಕವನ್ನು ಯಾರಿಂದಾದರೂ ಓದಿಸಿ ತಿಳಿದುಕೊಳ್ಳಿ. 2025ರಲ್ಲಿ ಉಮ್ರಾ ವೀಸಾದವರೆಲ್ಲರೂ ಏಪ್ರಿಲ್ 29ರೊಳಗೆ ಹೊರಡಬೇಕಾಗಿತ್ತು. ಪರವಾನಗಿಯಿಲ್ಲದೆ ಹಜ್ಜ್‌ಗೆ ಯತ್ನಿಸಿದವರಿಗೆ 20,000 ರಿಯಾಲ್‌ವರೆಗೆ ದಂಡ ಘೋಷಿಸಲಾಗಿತ್ತು. ಅವಧಿ ಮೀರಿ ಉಳಿದು ಹಜ್ಜ್‌ಗೆ ಯತ್ನಿಸಿದವರಿಗೆ ಗಡೀಪಾರಿನೊಂದಿಗೆ ಹತ್ತು ವರ್ಷಗಳ ಪ್ರವೇಶ ನಿಷೇಧವಿತ್ತು. ಅರುವತ್ತು ದಾಟಿದವನಿಗೆ ಹತ್ತು ವರ್ಷವೆಂದರೆ ಹರಮ್‌ನ ಬಾಗಿಲು ಬಹುಶಃ ಜೀವಮಾನವಿಡೀ ಮುಚ್ಚಿದಂತೆಯೇ. ನಿಯಮಗಳು ವರ್ಷವರ್ಷಕ್ಕೂ ಬದಲಾಗುತ್ತವೆ. ಆದ್ದರಿಂದ ಏಜೆಂಟನ ಮಾತನ್ನಷ್ಟೇ ನಂಬದೆ ಹಜ್ಜ್ ಸಮಿತಿಯಲ್ಲಿ ವಿಚಾರಿಸಿ ನಿಶ್ಚಯಿಸಿಕೊಳ್ಳುವುದು ಉತ್ತಮ.

ಕೊಟ್ಟ ಮಾತಿಗೆ ತಲೆಬಾಗಿ ಹುದೈಬಿಯಾದಿಂದ ಹಿಂದಿರುಗಿದವರಿಗೆ ಎರಡೇ ವರ್ಷಗಳಲ್ಲಿ ಮಕ್ಕಾದ ಬಾಗಿಲು ಪೂರ್ತಿಯಾಗಿ ತೆರೆಯಿತು. ತೆರೆಯುವವನು ಅಲ್ಲಾಹನೇ. ನಮ್ಮಲ್ಲಿ ಕಾಯುತ್ತಿರುವ ಪ್ರತಿಯೊಬ್ಬರಿಗೂ ಅವನು ಸತ್ಯದ ದಾರಿಯಿಂದ ತನ್ನ ಭವನದ ದರ್ಶನವನ್ನು ಕರುಣಿಸಲಿ. ಹೋದವರ ಹಜ್ಜನ್ನು ಮಬ್ರೂರ್ ಆಗಿ ಸ್ವೀಕರಿಸಲಿ. ಹೋಗಲಾಗದೆ ಕಣ್ಮುಚ್ಚಿದವರಿಗೆ ಅವರ ನಿಯ್ಯತ್ತಿನ ಪೂರ್ಣ ಪ್ರತಿಫಲ ನೀಡಲಿ. ಆಮೀನ್ ಯಾ ರಬ್ಬಲ್ ಆಲಮೀನ್.