ಎಣಿಸದೆ ಉಳಿದ ನಕ್ಷತ್ರ

ಸಿದ್ದಾಪುರದ ಹತ್ತಿರದ ಹಳ್ಳಿಯೊಂದರ ಮನೆಯಲ್ಲಿ ಬೆಳ್ಳಿಯುಂಗುರವೊಂದಿತ್ತು. ಅದರಲ್ಲಿ ಗುಬ್ಬಿಯಂತೆ ಉಬ್ಬಿದ ಕಪ್ಪು ಹರಳು. ಬಿಸಿಲಿಗೆ ಹಿಡಿದರೆ ಅದರ ಮೇಲೆ ನಕ್ಷತ್ರ ಮೂಡುತ್ತಿತ್ತು. ಉಂಗುರ ಹೊರಳಿಸಿದಂತೆ ನಕ್ಷತ್ರವೂ ಸರಿಯುತ್ತಿತ್ತು. ಆಯಿ ಅದನ್ನು ಯಲ್ಲಾಪುರದ ತವರಿನಿಂದ ತಂದಿದ್ದಳು. 'ನಕ್ಷತ್ರ ನೀಲ, ಲಕ್ಷ ಬಾಳುತ್ತದೆ' ಎಂದು ಅವಳ ಅಪ್ಪ ಹೇಳಿದ್ದನಂತೆ.

ಕೊಳೆರೋಗಕ್ಕೆ ಅಡಿಕೆ ಉದುರಿದ ವರ್ಷವೇ ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಸೊಸೈಟಿಯ ಸಾಲ ಮೊದಲೇ ತಲೆಯ ಮೇಲಿತ್ತು. ಆಯಿ ಏನೂ ಹೇಳದೆ ಉಂಗುರ ತೆಗೆದುಕೊಟ್ಟಳು. ಅಪ್ಪ, ಮಗ ಶಿರಸಿಯ ಬಸ್ಸು ಹತ್ತಿದರು.

ಬಂಗಾರದಂಗಡಿಯ ಶೇಟರು ಹರಳನ್ನು ಟಾರ್ಚಿನ ಬೆಳಕಿಗೆ ಹಿಡಿದು ಹುಡುಗನನ್ನೇ ಕೇಳಿದರು: "ಗೆರೆ ಎಷ್ಟು? ಎಣಿಸು ತಮಾ."

"ನಾಲ್ಕು."

"ನೀಲವಾದರೆ ಸಾಮಾನ್ಯವಾಗಿ ಆರು ಇರಬೇಕಿತ್ತು."

ನೀಲ, ಮಾಣಿಕ್ಯ ಎರಡೂ ಕುರುಂದವೆಂಬ ಒಂದೇ ಖನಿಜ. ಅದರೊಳಗೆ ಕೂದಲಿಗಿಂತ ಸಣ್ಣ ಸೂಜಿಗಳು 60 ಡಿಗ್ರಿ ಅಂತರದಲ್ಲಿ ಮೂರು ದಿಕ್ಕಿಗೆ ಮಲಗಿರುತ್ತವೆ. ಒಂದೊಂದು ಸಾಲೂ ಬೆಳಕಿನ ಒಂದೊಂದು ಗೆರೆ ಎಳೆಯುತ್ತದೆ. ಮೂರು ಗೆರೆ ನಡುವೆ ಹಾಯ್ದರೆ ಆರು ಕಿರಣ. ಮೈಸೂರು ಸೀಮೆಯ ನಕ್ಷತ್ರ ಮಾಣಿಕ್ಯದಲ್ಲಿ ಕಾಣುವುದೂ ಇದೇ. ಡಯಾಪ್ಸೈಡ್ ಎಂಬ ಕಪ್ಪು ಹರಳಿನಲ್ಲಿ ಸೂಜಿಗಳಿಗೆ ಎರಡೇ ದಿಕ್ಕು. ಆದ್ದರಿಂದ ನಾಲ್ಕು ಕಿರಣ, ಅದೂ ತುಸು ಓರೆ. ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿರುವ 563 ಕ್ಯಾರಟ್‌ನ 'ಸ್ಟಾರ್ ಆಫ್ ಇಂಡಿಯಾ' ನಿಜವಾದ ನೀಲ, ಸಿಕ್ಕಿದ್ದು ಶ್ರೀಲಂಕೆಯಲ್ಲಿ. ದಕ್ಷಿಣ ಭಾರತದ ಡಯಾಪ್ಸೈಡನ್ನು 'ಬ್ಲ್ಯಾಕ್ ಸ್ಟಾರ್ ಆಫ್ ಇಂಡಿಯಾ' ಎಂದು ಮಾರುವುದುಂಟು. ಹೆಸರು ಹತ್ತಿರ, ಬೆಲೆ ಬಹಳ ದೂರ.

ಕಾಲೇಜಿನ ಶುಲ್ಕ ಹಾಗಿರಲಿ, ಪುಸ್ತಕಕ್ಕೂ ಸಾಲದಷ್ಟು ಬೆಲೆ. ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. "ಆಯಿಗೆ ಹೇಳುವುದು ಬೇಡ" ಎಂದು ಅಪ್ಪ ಒಮ್ಮೆ ಅಂದ.

ಆದರೆ ಮಗ ಹೇಳಿದ. ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತ ಕಿತ್ತು ತಂದು, ಉಂಗುರವನ್ನು ದಾರಕ್ಕೆ ಕಟ್ಟಿ ಅದರ ಮುಂದೆ ತೂಗಬಿಟ್ಟ. ಹರಳು ಮೆಲ್ಲಗೆ ಅತ್ತ ವಾಲಿತು. ಒಳಗಿನ ಸೂಜಿಗಳು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರು. ನೀಲ ಹಾಗೆ ವಾಲುವುದಿಲ್ಲ.

ಆಯಿ ಉಂಗುರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳು ಮಡಿಸಿ ಎಣಿಸಿದಳು. "ಮೂವತ್ತು ವರ್ಷ ನೋಡಿದ್ದೇ ಆಯಿತು. ಎಣಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ" ಎಂದು ನಕ್ಕಳು. ಅವಳ ಕಣ್ಣು ಮಾತ್ರ ನಗಲಿಲ್ಲ. ಆಮೇಲೆ ಉಂಗುರವನ್ನು ಮಗನ ಕೈಗೇ ಹಾಕಿದಳು.

ಮರುದಿನ ಅಪ್ಪ ಬ್ಯಾಂಕಿನಿಂದ ಶಿಕ್ಷಣ ಸಾಲದ ಅರ್ಜಿ ತಂದ. ಬಡ್ಡಿಯೆಷ್ಟು, ಕಂತೆಷ್ಟು ಎಂದು ಈ ಸಲ ಮೂವರೂ ಕೂತು ಲೆಕ್ಕ ಹಾಕಿದರು.