ಪ್ರಿಯವಾದುದು, ನಿಜವಾದುದು

ತನಗೆ ಪ್ರಿಯವಾದುದನ್ನೇ ನಿಜವೆಂದು ಸಾಧಿಸಹೊರಡುವುದು ಮನುಷ್ಯನ ಹಳೆಯ ಅಭ್ಯಾಸ. ಊಟ, ಉಡುಗೆ, ಹಾಡು ಮೊದಲಾದ ಸಂಗತಿಗಳಲ್ಲಿ ಇದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗದೆಂದು ತೋರಬಹುದು. ಆದರೆ ಚಿಕ್ಕ ಸಂಗತಿಗಳಲ್ಲಿ ಬೇರೂರಿದ ಅಭ್ಯಾಸವೇ ದೊಡ್ಡ ಸಂಗತಿಗಳಲ್ಲಿಯೂ ಮನಸ್ಸನ್ನು ನಡೆಸುತ್ತದೆ. ಮನೆಯಲ್ಲಿ ಸಂಗೀತ ಕೇಳಲು ವಾಲ್ವ್ ಆಂಪ್ಲಿಫೈಯರ್ ಒಳ್ಳೆಯದೋ, ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಒಳ್ಳೆಯದೋ ಎಂಬುದು ಅಂಥ ಒಂದು ಚಿಕ್ಕ ಪ್ರಶ್ನೆ. ಅರ್ಧ ಶತಮಾನಕ್ಕೂ ಮಿಕ್ಕಿ ಇದರ ಬಗ್ಗೆ ವಾದ ನಡೆಯುತ್ತಲೇ ಬಂದಿದೆ.

ಧಾರವಾಡದ ನಿವೃತ್ತ ಅಧ್ಯಾಪಕರೊಬ್ಬರಿಗೆ ಈ ಪ್ರಶ್ನೆ ಎದುರಾಯಿತು. ಸೇವೆಯಲ್ಲಿದ್ದಷ್ಟು ಕಾಲ ಮಕ್ಕಳ ವಿದ್ಯಾಭ್ಯಾಸ, ಮದುವೆ, ಮನೆಯ ಸಾಲ ಇವುಗಳಲ್ಲಿಯೇ ಸಂಬಳ ಸವೆದಿತ್ತು. ಸಂಗ್ರಹಿಸಿಟ್ಟ ಹಳೆಯ ಧ್ವನಿಮುದ್ರಿಕೆಗಳನ್ನು ನೆಮ್ಮದಿಯಿಂದ ಕೇಳಬೇಕೆಂಬ ಆಸೆಯೊಂದು ಉಳಿದುಕೊಂಡಿತ್ತು. ಅವರ ತಂದೆಯ ಕಾಲದಲ್ಲಿ ಮನೆಯಲ್ಲಿದ್ದುದು ವಾಲ್ವ್ ರೇಡಿಯೋ. ಗುಂಡಿ ತಿರುಗಿಸಿ ಸ್ವಲ್ಪ ಹೊತ್ತು ಕಾದು, ಒಳಗಿನ ಕೆಂಬೆಳಕು ಕಂಡ ಮೇಲೆ ಹಾಡು ಕೇಳಿಬರುತ್ತಿತ್ತು. ಆ ಮಾಧುರ್ಯವು ಈಗಿನ ಯಂತ್ರಗಳಿಗೆ ಬಾರದೆಂಬುದು ಅಧ್ಯಾಪಕರ ದೃಢವಾದ ನಂಬಿಕೆ. ಅಂಗಡಿಯಲ್ಲಿ ಕಂಡ ವಾಲ್ವ್ ಆಂಪ್ಲಿಫೈಯರಿನ ಬೆಲೆ ಇನ್ನೊಂದರ ಎರಡು ಪಟ್ಟನ್ನೂ ಮೀರಿತ್ತು. ಆದರೂ ಅದನ್ನೇ ತರುವುದೆಂದು ಅವರು ಮನೆಯಲ್ಲಿ ತಿಳಿಸಿದಾಗ ಪತ್ನಿಯು ಕೇಳಿದ ಮಾತು ಒಂದೇ: “ಅದು ಖರೇನ ಛಲೋ ಅದನೋ, ನಿಮಗಷ್ಟ ಛಲೋ ಅನಸ್ತದೋ?”

ಸರಳವಾಗಿ ಕಂಡ ಈ ಮಾತಿಗೆ ಅವರಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಉತ್ತರ ಕೊಡಬೇಕಾದರೆ ಮೊದಲು ವಸ್ತುವನ್ನು ಅರಿಯಬೇಕು.

ಎರಡು ಬಗೆಯ ಯಂತ್ರಗಳ ಕೆಲಸವೂ ಒಂದೇ: ಧ್ವನಿಮುದ್ರಿಕೆಯಿಂದ ಬಂದ ಕ್ಷೀಣವಾದ ವಿದ್ಯುತ್ ಸಂಕೇತವನ್ನು, ಅದರ ರೂಪ ಕೆಡದಂತೆ, ಸ್ಪೀಕರನ್ನು ನಡೆಸುವಷ್ಟು ಬಲಪಡಿಸುವುದು. ವಾಲ್ವಿನಲ್ಲಿ ಈ ಕಾರ್ಯ ಗಾಳಿ ತೆಗೆದ ಗಾಜಿನ ನಳಿಕೆಯೊಳಗೆ ನಡೆಯುತ್ತದೆ. ಕಾದ ಲೋಹದಿಂದ ಹೊರಟ ಎಲೆಕ್ಟ್ರಾನುಗಳ ಹರಿವನ್ನು ನಡುವಿನ ಜಾಲರಿಯೊಂದು ಹೆಚ್ಚು ಕಡಿಮೆ ಮಾಡುತ್ತದೆ. ಟ್ರಾನ್ಸಿಸ್ಟರಿನಲ್ಲಿ ಅದೇ ಕಾರ್ಯ ಘನವಸ್ತುವೊಂದರ ಒಳಗೆ, ಕಾಯಿಸುವ ತಂತಿಯಿಲ್ಲದೆ ನಡೆಯುತ್ತದೆ. 1947ನೆಯ ಇಸವಿ ಇವೆರಡಕ್ಕೂ ಮುಖ್ಯವಾದುದು. ಆ ವರ್ಷ ಡಿ. ಟಿ. ಎನ್. ವಿಲಿಯಮ್ಸನ್ ಎಂಬ ಎಂಜಿನಿಯರು ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ವಾಲ್ವ್ ಆಂಪ್ಲಿಫೈಯರೊಂದರ ವಿನ್ಯಾಸವನ್ನು ಪ್ರಕಟಿಸಿ ಮನೆಯ ಸಂಗೀತಶ್ರವಣಕ್ಕೆ ಹೊಸ ಮಟ್ಟವನ್ನು ತಂದುಕೊಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಜನಿಸಿತು. ಕರ್ನಾಟಕದವರಿಗೂ ಈ ಸಂಧಿಕಾಲ ಅಪರಿಚಿತವಲ್ಲ: ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯೂ ಮರುವರ್ಷವೇ ಜರ್ಮೇನಿಯಮ್ ಸಾಧನಗಳ ತಯಾರಿಕೆಯೂ ಆರಂಭವಾದವು.

ಮೊದಮೊದಲಿನ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳು ಕಿವಿಗೆ ಕರ್ಕಶವೆಂಬ ಅಪವಾದಕ್ಕೆ ಗುರಿಯಾದವು. ಅದು ಸುಳ್ಳು ಅಪವಾದವಲ್ಲ. ತರಂಗದ ಮೇಲಿನ ಅರ್ಧವನ್ನು ಒಂದು ಟ್ರಾನ್ಸಿಸ್ಟರೂ ಕೆಳಗಿನ ಅರ್ಧವನ್ನು ಇನ್ನೊಂದೂ ಹೊರುವಾಗ, ಒಂದರಿಂದ ಇನ್ನೊಂದಕ್ಕೆ ದಾಟುವ ಎಡೆಯಲ್ಲಿ ಸಣ್ಣದೊಂದು ಕೊರೆ ಉಳಿಯುತ್ತಿತ್ತು. ಮೆಲುದನಿಯಲ್ಲಿಯೇ ಅದು ಹೆಚ್ಚು ಬಾಧಿಸುತ್ತಿತ್ತು. ವಾಲ್ವಿನ ದೋಷಗಳು ಬೇರೆ ಜಾತಿಯವು. ಹಲವು ವಾಲ್ವ್ ಯಂತ್ರಗಳು ಮೂಲಸ್ವರಕ್ಕೆ ಅದರ ಇಮ್ಮಡಿ ಕಂಪನದ ಸ್ವರವನ್ನು, ಎಂದರೆ ಮೇಲಿನ ಷಡ್ಜದಂತಹ ಸ್ವರವನ್ನು, ತುಸು ಬೆರೆಸುತ್ತವೆ. ಅದು ಕಿವಿಗೆ ಹಿತವಾಗಿರುತ್ತದೆ. ಸಾಮರ್ಥ್ಯದ ಎಲ್ಲೆ ಮೀರಿದಾಗ ಟ್ರಾನ್ಸಿಸ್ಟರು ತರಂಗದ ತುದಿಯನ್ನು ಥಟ್ಟನೆ ಕತ್ತರಿಸಿದರೆ, ವಾಲ್ವು ಸಾಮಾನ್ಯವಾಗಿ ಮೆಲ್ಲನೆ ಬಾಗಿಸುತ್ತದೆ. ಎರಡೂ ವ್ಯತ್ಯಾಸಗಳೇ, ಒಂದು ಕಟು, ಇನ್ನೊಂದು ಮಧುರ ಎಂಬುದಷ್ಟೇ ಭೇದ.

ಟ್ರಾನ್ಸಿಸ್ಟರಿನ ಆ ಕೊರೆಯನ್ನು ಎಂಜಿನಿಯರರು ಕ್ರಮೇಣ ತಿದ್ದಿದರು. ಇಂಗ್ಲೆಂಡಿನ ಹಂಟಿಂಗ್ಡನ್ ಪಟ್ಟಣದಲ್ಲಿ ಪೀಟರ್ ವಾಕರ್ ಅವರು ನಡೆಸುತ್ತಿದ್ದ ಕ್ವಾಡ್ ಸಂಸ್ಥೆಯ ಇತಿಹಾಸ ಈ ವಿಷಯದಲ್ಲಿ ಬೋಧಪ್ರದವಾಗಿದೆ. 1953ರಲ್ಲಿ ಅವರು 15 ವ್ಯಾಟಿನ ‘ಕ್ವಾಡ್ 2’ ಎಂಬ ವಾಲ್ವ್ ಆಂಪ್ಲಿಫೈಯರನ್ನೂ, 1967ರಲ್ಲಿ ‘303’ ಎಂಬ ಟ್ರಾನ್ಸಿಸ್ಟರ್ ಆಂಪ್ಲಿಫೈಯರನ್ನೂ, 1975ರಲ್ಲಿ ‘405’ ಎಂಬ ಇನ್ನೂ ಬಲವಾದುದನ್ನೂ ಹೊರತಂದರು. ಹಳೆಯದೇ ಮಧುರವೆಂದು ಹಲವರು ಹೇಳುತ್ತಿದ್ದಾಗ, ಮೂರನ್ನೂ ಪರೀಕ್ಷೆಗೊಡ್ಡಲಾಯಿತು. ಜೇಮ್ಸ್ ಮೊಯಿರ್ ಎಂಬ ತಜ್ಞರು ನಡೆಸಿದ ಈ ಪರೀಕ್ಷೆಯ ವರದಿ 1978ರ ಜುಲೈ ತಿಂಗಳ ‘ವೈರ್‌ಲೆಸ್ ವರ್ಲ್ಡ್’ನಲ್ಲಿ ಅಚ್ಚಾಯಿತು. ದನಿಯ ಮಟ್ಟವನ್ನು ಸಮಗೊಳಿಸಿ, ಯಾವುದೂ ತನ್ನ ಎಲ್ಲೆ ಮೀರದಂತೆ ನೋಡಿಕೊಂಡು, ಯಾವ ಯಂತ್ರ ನುಡಿಯುತ್ತಿದೆಯೆಂಬುದನ್ನು ತಿಳಿಸದೆ ಕೇಳಿಸಿದಾಗ, ಅನುಭವಿಗಳಾದ ಕೇಳುಗರು ಅವುಗಳನ್ನು ಬೇರೆ ಬೇರೆಯೆಂದು ಗುರುತಿಸಲಾರದೆ ಹೋದರು. ಪರೀಕ್ಷೆ ನಡೆದುದು ತಯಾರಕರ ಸಲುವಾಗಿಯೇ ಎಂಬುದನ್ನು ಮರೆಯಬಾರದು. ಆದರೆ ಅವರು ಮಾರುತ್ತಿದ್ದ ಹೊಸ ಯಂತ್ರ ಹಳೆಯದಕ್ಕಿಂತ ಉತ್ತಮವಾಗಿ ಕೇಳಿಸುತ್ತದೆಂದು ಆ ವರದಿ ಹೇಳಲಿಲ್ಲ ಎಂಬುದೂ ಗಮನಾರ್ಹ.

1985ರಲ್ಲಿ ಅಮೆರಿಕದ ಬಾಬ್ ಕಾರ್ವರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ‘ಸ್ಟೀರಿಯೋಫೈಲ್’ ಪತ್ರಿಕೆಯವರು ಆರಿಸಿದ ಬೆಲೆಬಾಳುವ ಆಂಪ್ಲಿಫೈಯರಿನ ದನಿಯನ್ನು ತಮ್ಮ ಅಗ್ಗದ ಟ್ರಾನ್ಸಿಸ್ಟರ್ ಯಂತ್ರದಿಂದಲೇ ಹೊರಡಿಸುವೆನೆಂದು ಪಂಥ ಕಟ್ಟಿದರು. ಪತ್ರಿಕೆಯವರು ಆರಿಸಿದುದು ವಾಲ್ವಿನ ಯಂತ್ರ. ಕಾರ್ವರ್ ಎರಡರ ಹೊರಹರಿವನ್ನೂ ಪರಸ್ಪರ ಕಳೆದು, ಉಳಿಯುವ ಅಂತರವನ್ನು ಕುಗ್ಗಿಸುತ್ತ ಹೋದರು. ಕೊನೆಗೆ ಪರೀಕ್ಷಿಸಿದ ಸಂಪಾದಕರಿಗೆ ಭೇದ ತಿಳಿಯಲಿಲ್ಲ. ವಾಲ್ವಿನ ಮಾಧುರ್ಯವು ಗಾಜಿನೊಳಗೆ ಅಡಗಿದ ರಹಸ್ಯವಲ್ಲ, ಅಳೆಯಬಹುದಾದ ಗುಣವೆಂದು ಇದರಿಂದ ಸ್ಪಷ್ಟವಾಯಿತು.

ಧಾರವಾಡದ ಅಧ್ಯಾಪಕರು ಈ ವಿಧಾನವನ್ನು ತಮ್ಮ ಮನೆಯಲ್ಲಿಯೇ ಅನುಸರಿಸಿದರು. ಅಂಗಡಿಯವರಿಂದ ಎರಡೂ ಯಂತ್ರಗಳನ್ನು ಕೆಲವು ದಿನಗಳ ಮಟ್ಟಿಗೆ ಕೇಳಿ ತಂದರು. ಎಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗನು ಸ್ಪೀಕರಿನ ತುದಿಗಳಲ್ಲಿ ಮೀಟರು ಹಿಡಿದು ಎರಡರ ಮಟ್ಟವನ್ನೂ ಸರಿಗೂಡಿಸಿದನು. ಅರ್ಧ ಡೆಸಿಬಲ್‌ನಷ್ಟು ಜೋರಾಗಿರುವುದನ್ನು ಕಿವಿಯು ಜೋರೆಂದು ತಿಳಿಯದೆ ಚೆನ್ನವೆಂದೇ ತಿಳಿಯುತ್ತದೆಯಾದ್ದರಿಂದ ಈ ಎಚ್ಚರ ಅಗತ್ಯ. ಬಳಿಕ ಪರದೆಯ ಹಿಂದೆ ಕುಳಿತು, ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಒಂದನ್ನೋ ಇನ್ನೊಂದನ್ನೋ ಜೋಡಿಸಿದನು. ಆಲಾಪದ ಮೆಲುನಡೆಯಲ್ಲಿ ಅಜ್ಜನಿಗೆ ಭೇದವೇ ತೋರಲಿಲ್ಲ. ದನಿಯನ್ನು ಹೆಚ್ಚಿಸಿ, ಗಾಯನವು ತಾರಸ್ಥಾಯಿಗೆ ಏರಿದಾಗ ಮಾತ್ರ ಒಂದು ಯಂತ್ರ ತುಸು ಮೃದುವಾಗಿ ಕೇಳಿಸಿತು. ಅದು ವಾಲ್ವಿನದೇ ಆಗಿತ್ತು. “ಹಾಗಾದರೆ ನನ್ನ ಮಾತು ಸರಿಯಾಯಿತಲ್ಲ!” ಎಂದು ಅವರು ಹಿಗ್ಗಿದಾಗ ಮೊಮ್ಮಗನು, “ಅಜ್ಜಾ, ಆ ಮೃದುತ್ವ ಮುದ್ರಿಕೆಯಲ್ಲಿಲ್ಲ, ಯಂತ್ರ ಸೇರಿಸಿದ್ದು” ಎಂದನು. ಪತ್ನಿಯ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅವರಿಗೆ ಇಷ್ಟವಾದುದು ಇತ್ತು. ಆದರೆ ಅದು ಹೆಚ್ಚು ನಿಜವಾದುದಲ್ಲ.

ಆಮೇಲಿನ ಲೆಕ್ಕ ಸುಲಭವಾಯಿತು. ಕ್ವಾಡ್ 2ರಂತಹ ಜೋಡಿ ಯಂತ್ರಗಳಲ್ಲಿ ನಾಲ್ಕು ಕೆಟಿ66 ವಾಲ್ವುಗಳ ತಂತುಗಳನ್ನು ಕಾಯಿಸುವುದಕ್ಕೇ 30 ವ್ಯಾಟಿಗೂ ಹೆಚ್ಚು ವಿದ್ಯುತ್ ಬೇಕು, ಹಾಡು ನಡೆಯಲಿ ಬಿಡಲಿ. ಕೆಲವು ಸಾವಿರ ಗಂಟೆಗಳಲ್ಲಿ ವಾಲ್ವುಗಳು ಸವೆಯುತ್ತವೆ. ಹೊಸವು ಈಗ ಹೆಚ್ಚಾಗಿ ರಷ್ಯಾ, ಸ್ಲೊವಾಕಿಯಾ, ಚೀನಾ ದೇಶಗಳಿಂದ ಬರಬೇಕು. ಒಳಗಿನ ನೂರಾರು ವೋಲ್ಟುಗಳ ವಿದ್ಯುತ್ತು ಗುಂಡಿ ಆರಿಸಿದ ಮೇಲೂ ಕೆಲಹೊತ್ತು ಕೆಪಾಸಿಟರುಗಳಲ್ಲಿ ಉಳಿದಿರಬಹುದು. ಸುಡುವ ಗಾಜು ಚಿಕ್ಕ ಮಕ್ಕಳಿರುವ ಮನೆಗೆ ತಕ್ಕುದಲ್ಲ. ಅಧ್ಯಾಪಕರು ಟ್ರಾನ್ಸಿಸ್ಟರ್ ಯಂತ್ರವನ್ನೇ ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಸ್ಪೀಕರುಗಳನ್ನು ತಂದರು. ಸ್ಪೀಕರಿನಿಂದ ಸ್ಪೀಕರಿಗೆ ಇರುವ ಭೇದವನ್ನು ತಿಳಿಯಲು ಪರದೆಯೂ ಬೇಡ, ಮೀಟರೂ ಬೇಡ.

ಅವರ ಗೆಳೆಯರೊಬ್ಬರು ಇದೆಲ್ಲವನ್ನೂ ಕೇಳಿ ತಿಳಿದ ಮೇಲೆಯೂ ವಾಲ್ವಿನ ಯಂತ್ರವನ್ನೇ ಕೊಂಡರು. “ಆ ಬೆಳಕು ನನಗೆ ಇಷ್ಟ, ಆ ದನಿಯೂ ಇಷ್ಟ” ಎಂಬುದು ಅವರು ಕೊಟ್ಟ ಕಾರಣ. ಅದರಲ್ಲಿ ತಪ್ಪೇನೂ ಇಲ್ಲ. ತನ್ನ ಹಣದಿಂದ ತನ್ನ ಇಷ್ಟವನ್ನು ಕೊಂಡವನು ಯಾರಿಗೂ ಪುರಾವೆ ಕೊಡಬೇಕಾಗಿಲ್ಲ. ಆದರೆ “ಇದೇ ನಿಜ, ನಿನ್ನದು ಹುಸಿ” ಎಂದು ನೆರೆಯವನಿಗೆ ಹೇಳುವವನು ಮಾತ್ರ ಮೊದಲು ಪರದೆಯ ಈಚೆ ಕುಳಿತು ಕೇಳುವ ಋಣವನ್ನು ತೀರಿಸಬೇಕು. ಇಷ್ಟವನ್ನು ಇಷ್ಟವೆಂದೇ ಕರೆಯುವಷ್ಟು ಪ್ರಾಮಾಣಿಕತೆ ಇದ್ದಲ್ಲಿ ಅರ್ಧ ಜಗಳಗಳು ಹುಟ್ಟುವ ಮೊದಲೇ ಶಮನವಾಗುತ್ತವೆ, ಮನೆಯಲ್ಲಿಯೂ, ಸಭೆಯಲ್ಲಿಯೂ.